'ಗೆಟ್ ಬ್ಯಾಕ್ ಟು ಯೂ' ಅಂದ್ರೆ ಕೆಲಸ ಆಯ್ತು ಅಂತಲ್ಲ! ಈ ಮಾತಿನ ಅರ್ಥ ಏನು? ಇಲ್ಲಿದೆ ವಿವರ

ಇಂಟರ್‌ವ್ಯೂ ಮುಗಿಸಿ ಎದ್ದಾಗ, ಸಾಲದ ಅರ್ಜಿ ಕೊಟ್ಟಾಗ, ಕಸ್ಟಮರ್ ಕೇರ್‌ಗೆ ಫೋನ್ ಮಾಡಿದಾಗ ಕೇಳಿಸುವ ಮಾತು ಒಂದೇ: 'ವಿ ವಿಲ್ ಗೆಟ್ ಬ್ಯಾಕ್ ಟು ಯೂ'. ಇದನ್ನೇ ನಂಬಿ ಬೇರೆ ಕಡೆ ಕೆಲಸ ಹುಡುಕದೆ ಫೋನ್ ನೋಡ್ತಾ ಕೂರುವ ಹುಡುಗರೂ ಇದ್ದಾರೆ.

ಅರ್ಥ ಏನು?
'ಗೆಟ್ ಬ್ಯಾಕ್' ಅಂದ್ರೆ ವಾಪಸ್ ಬರೋದು. ಅದರ ಜೊತೆ 'ಟು ಯೂ' ಸೇರಿದರೆ 'ಆಮೇಲೆ ನಿಮಗೆ ಉತ್ತರ ಕೊಡ್ತೀವಿ' ಅಂತಾಗುತ್ತೆ. ಅಷ್ಟೇ. ಆ ಉತ್ತರ ಹೌದು ಅಂತಲೂ ಇರಬಹುದು, ಇಲ್ಲ ಅಂತಲೂ ಇರಬಹುದು. ಯಾವಾಗ ಅನ್ನೋದು ಆ ಮಾತಲ್ಲಿ ಇಲ್ಲವೇ ಇಲ್ಲ. ಎಷ್ಟೋ ಸಲ ಮುಖದ ಮೇಲೆ 'ಇಲ್ಲ' ಅನ್ನೋಕಾಗದೆ ಹೀಗೆ ಹೇಳ್ತಾರೆ.

ನಮ್ಮಲ್ಲೂ ಇದು ಹೊಸದೇನಲ್ಲ. ಹೆಣ್ಣು ನೋಡಿ ಹೋಗುವವರು 'ಮನೇಲಿ ಮಾತಾಡಿ ಹೇಳಿ ಕಳಿಸ್ತೀವಿ' ಅಂತಾರಲ್ಲ, ಹಾಗೆ. ಅಂಗಡಿಗಳಲ್ಲಿ 'ಇಂದು ನಗದು, ನಾಳೆ ಉದ್ರಿ' ಬೋರ್ಡ್ ಇರುತ್ತೆ. ಆ ನಾಳೆ ಬರೋದೇ ಇಲ್ಲ.

ಒಂದು ಪದ ತಪ್ಪಿದರೆ ಕಷ್ಟ
'ಟು' ಬದಲು 'ಅಟ್' ಹಾಕಿದರೆ ಸೇಡು ತೀರಿಸಿಕೊಳ್ಳೋದು ಅಂತ ಅರ್ಥ. ಗಿರಾಕಿಗೆ ವಾಟ್ಸಾಪ್‌ನಲ್ಲಿ 'ಐ ವಿಲ್ ಗೆಟ್ ಬ್ಯಾಕ್ ಅಟ್ ಯೂ' ಅಂತ ಕಳಿಸಿದರೆ ಧಮಕಿ ಹಾಕಿದಂತೆ ಆಗುತ್ತೆ. 'ಗೆಟ್ ಬ್ಯಾಕ್ ಟುಗೆದರ್' ಅಂದ್ರೆ ದೂರ ಆದವರು ಮತ್ತೆ ಒಂದಾಗೋದು.

ಏನು ಮಾಡಬೇಕು?
ಎದ್ದು ಬರೋ ಮುಂಚೆ ಎರಡು ಪ್ರಶ್ನೆ ಕೇಳಿ: ಯಾವ ತಾರೀಕಿನೊಳಗೆ ಹೇಳ್ತೀರಿ? ಹೇಳದಿದ್ದರೆ ಯಾರನ್ನ ಕೇಳಬೇಕು? ಕನ್ನಡದಲ್ಲೇ ಕೇಳಿ, ತಪ್ಪೇನಿಲ್ಲ. ಕಸ್ಟಮರ್ ಕೇರ್ ಆದರೆ ದೂರಿನ ನಂಬರ್ ಬರೆದಿಟ್ಟುಕೊಳ್ಳಿ. ಹೇಳಿದ ತಾರೀಕು ದಾಟಿದರೆ ನೀವೇ ಫೋನ್ ಮಾಡಿ. ಇಂಟರ್‌ವ್ಯೂ ಆಗಿದ್ದರೆ ಉತ್ತರ ಬರೋವರೆಗೂ ಬೇರೆ ಕಡೆ ಅರ್ಜಿ ಹಾಕೋದು ನಿಲ್ಲಿಸಬೇಡಿ.

ಸರ್ಕಾರಿ ಕಚೇರಿಯಲ್ಲಿ 'ಆಮೇಲೆ ಹೇಳ್ತೀವಿ' ಅಂದ್ರೆ ಸುಮ್ಮನೆ ಬರಬೇಡಿ. ಸಕಾಲ ವ್ಯಾಪ್ತಿಯ ಸೇವೆಯಾದರೆ 15 ಅಂಕಿಯ ಜಿಎಸ್‌ಸಿ ನಂಬರ್ ಇರುವ ಸ್ವೀಕೃತಿ ಪಡೆಯಿರಿ. ಗಡುವು ಮೀರಿದರೆ ದಿನಕ್ಕೆ 20 ರೂ.ನಂತೆ ಗರಿಷ್ಠ 500 ರೂ. ಪರಿಹಾರ ಕೇಳಲು 2011ರ ಕಾಯ್ದೆಯಲ್ಲಿ ಅವಕಾಶ ಇದೆ.

ವ್ಯಾಪಾರಸ್ಥರೂ ಅಷ್ಟೇ. ಮಾಲು ಇಲ್ಲದಿದ್ದರೆ 'ಹೇಳ್ತೀನಿ' ಅನ್ನೋ ಬದಲು 'ಗುರುವಾರ ಸಂಜೆ ಫೋನ್ ಮಾಡ್ತೀನಿ' ಅನ್ನಿ, ಮಾಡಿ. ದಿನ ಹೇಳಿದ ಅಂಗಡಿಗೆ ಗಿರಾಕಿ ಕಾಯ್ತಾರೆ.