ಭಂಗಾರವೂ ಅಲ್ಲ, ಬಂಗಾರವೂ ಅಲ್ಲ

ಎರಡನೇ ಕ್ಲಾಸಿನ ಮಗಳು ಶಾಲೆಗೆಂದು ಚಿತ್ರ ಬಿಡಿಸುತ್ತಿದ್ದಳು. ನೀಲಿ ಸಮುದ್ರ, ಹಸಿರು ಆಮೆ, ಆಮೆಯ ಬಾಯಲ್ಲಿ ಪ್ಲಾಸ್ಟಿಕ್ ಚೀಲ. "ಇದು ಯಾವ ಊರಿನ ಸಮುದ್ರ?" ಎಂದು ಕೇಳಿದೆ. "ಟಿವಿಯಲ್ಲಿ ಬರ್ತದಲ್ಲ ಅಪ್ಪ, ಆ ಊರಿಂದು" ಎಂದಳು.

ನಾವಿರುವುದು ತುರ್ಭೆಯಲ್ಲಿ. ಥಾಣೆ ಕ್ರೀಕ್, ಇಲ್ಲಿನವರ ಬಾಯಲ್ಲಿ ಖಾಡಿ, ನಮ್ಮ ಮನೆಯಿಂದ ಸ್ಕೂಟರಿನಲ್ಲಿ ಹದಿನೈದು ನಿಮಿಷದ ದಾರಿ. ಹೊನ್ನಾವರದ ಕಡಲ ಮಗ್ಗುಲಲ್ಲೇ ಬೆಳೆದ ನನ್ನ ಮಗಳಿಗೆ ಸಮುದ್ರವೆಂದರೆ ಟಿವಿಯೊಳಗಿನ ವಸ್ತು!

ಆ ಭಾನುವಾರ ಅವಳನ್ನು ಬೀಚಿಗೆ ಕರೆದೊಯ್ಯಲಿಲ್ಲ. ಮೊದಲು ನಮ್ಮ ಕಟ್ಟಡದ ಹಿಂದಿನ ನಾಲೆಯನ್ನು ತೋರಿಸಿದೆ. "ಈ ನೀರು ಎಲ್ಲಿಗೆ ಹೋಗ್ತದೆ, ನೋಡಿಕೊಂಡು ಬರುವ" ಎಂದು ಹೊರಟೆವು. ಎಪಿಎಂಸಿ ಮಾರುಕಟ್ಟೆಯ ಲಾರಿಗಳ ಸಾಲು ದಾಟಿ, ವಾಶಿಯ ಕಡೆಯ ಹೋಲ್ಡಿಂಗ್ ಪಾಂಡ್ ತಲುಪಿದೆವು. ತಗ್ಗಿನ ನೆಲದಲ್ಲಿ ನವಿ ಮುಂಬಯಿ ಕಟ್ಟುವಾಗ ಸಿಡ್ಕೊ ಮಾಡಿದ ಕೊಳಗಳಿವು. ಉಬ್ಬರದ ಹೊತ್ತಿನಲ್ಲಿ ಗೇಟು ಮುಚ್ಚಿ ಕಡಲ ನೀರು ಊರಿಗೆ ನುಗ್ಗದಂತೆ ತಡೆಯುತ್ತದೆ. ಇಳಿತದಲ್ಲಿ ತೆರೆದುಕೊಂಡು ಊರಿನ ನೀರನ್ನು ಖಾಡಿಗೆ ಬಿಡುತ್ತದೆ. ನೀರಿನ ಜೊತೆಗೆ ನಾವು ಬಿಸಾಡಿದ್ದೂ ಹೋಗುತ್ತದೆ.

ಖಾಡಿಯ ದಂಡೆಯಲ್ಲಿ ಕಾಂಡ್ಲಾ ಗಿಡಗಳು. ಕೆಸರಿನಿಂದ ಪೆನ್ಸಿಲ್‌ನಂತೆ ಮೇಲೆದ್ದ ಅವುಗಳ ಉಸಿರಾಟದ ಬೇರುಗಳಿಗೆ ಚೀಲ, ಪ್ಯಾಕೆಟ್‌ಗಳು ಸುತ್ತಿಕೊಂಡಿದ್ದವು. "ಗಿಡ ಮೂಗಿನಿಂದ ಉಸಿರಾಡುವುದು ಹೀಗೆ" ಎಂದೆ. ಮಗಳು ತನ್ನ ಮೂಗು ಒತ್ತಿ ಹಿಡಿದು ನೋಡಿದಳು. ನಾನು ಮತ್ತೇನೂ ಹೇಳಬೇಕಾಗಲಿಲ್ಲ. ದೂರದಲ್ಲಿ ಫ್ಲೆಮಿಂಗೊಗಳು ಕೆಸರಿಗೆ ಕೊಕ್ಕು ಇಳಿಸಿ ಮೇಯುತ್ತಿದ್ದವು. ಈ ಖಾಡಿಯ ಒಂದು ಭಾಗ 2015ರಲ್ಲಿ ಫ್ಲೆಮಿಂಗೊ ಅಭಯಾರಣ್ಯವಾಯಿತು, 2022ರಲ್ಲಿ ರಾಮ್ಸರ್ ತಾಣಗಳ ಪಟ್ಟಿಗೂ ಸೇರಿತು.

ಎರಡನೇ ಪಾಠ ಮನೆ ಬಾಗಿಲಿಗೇ ಬಂತು. ಮುಂಬಯಿಯಲ್ಲಿ ಗುಜರಿ ಸಾಮಾನಿಗೆ 'ಭಂಗಾರ' ಎನ್ನುತ್ತಾರೆ. ಹೊಸದಾಗಿ ಬಂದ ಕನ್ನಡಿಗರೆಲ್ಲ ಒಮ್ಮೆ ನಗುವ ಮಾತು ಇದು. ಭಂಗಾರವಾಲಾ ನೀರಿನ ಬಾಟಲಿ ತೂಗಿದ, ಹಾಲಿನ ಪ್ಯಾಕೆಟ್ ತೂಗಿದ. ಮಗಳು ಕೂಡಿಟ್ಟಿದ್ದ ನೂಡಲ್ಸಿನ ಮಸಾಲೆ ಪ್ಯಾಕೆಟ್‌ಗಳನ್ನು ಮಾತ್ರ ಪಕ್ಕಕ್ಕೆ ಸರಿಸಿದ.

"ಇದು ಯಾಕೆ ಭಂಗಾರ ಅಲ್ಲ?"

ನಾನು ಉತ್ಸಾಹದಿಂದ ವಿವರಿಸಿದೆ. ಹೊರಗೆ ಅಕ್ಷರ ಅಚ್ಚಾಗುವ ಪಾಲಿಯೆಸ್ಟರ್, ನಡುವೆ ಗಾಳಿ, ತೇವ ತಡೆಯುವ ಅಲ್ಯೂಮಿನಿಯಂ, ಒಳಗೆ ಬಿಸಿ ತಾಗಿದರೆ ಅಂಟಿಕೊಳ್ಳುವ ಪಾಲಿಥೀನ್. ಮೂರನ್ನೂ ಸೇರಿಸಿ ಅಂಟಿಸಿರುತ್ತಾರೆ. ಬಾಟಲಿ ಒಂದೇ ಬಗೆಯ ಪ್ಲಾಸ್ಟಿಕ್, ಕರಗಿಸಿ ಮತ್ತೆ ಬಳಸಬಹುದು. ಇದನ್ನು ಬೇರ್ಪಡಿಸುವುದು ಬಹಳ ಕಷ್ಟ, ಅದಕ್ಕೇ ಬೆಲೆ ಇಲ್ಲ. ಬೆಲೆ ಇಲ್ಲದ್ದನ್ನು ಯಾರೂ ಆಯುವುದಿಲ್ಲ. ಹಗುರ ಬೇರೆ, ಮಳೆ ಬಂದರೆ ನೇರ ನಾಲೆಗೆ.

"ನಿಂಗೆ ಹೇಗೆ ಗೊತ್ತು?"

"ನನ್ನ ಕೆಲಸವೇ ಅದಲ್ವಾ ಪುಟ್ಟಿ."

ಹೌದು, ಇಲ್ಲಿನ ಎಂಐಡಿಸಿಯ ಪ್ಯಾಕೇಜಿಂಗ್ ಕಾರ್ಖಾನೆಯೊಂದರಲ್ಲಿ ನಾನು ಎಂಜಿನಿಯರ್. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: "ಅಂಟಿಸೋದು ನೀನಾದ್ರೆ, ಬಿಡಿಸೋದು ಯಾರು?"

ಹನ್ನೊಂದು ವರ್ಷದ ನೌಕರಿಯಲ್ಲಿ ಯಾವ ಮೀಟಿಂಗಿನಲ್ಲೂ ಯಾರೂ ನನ್ನನ್ನು ಹೀಗೆ ಕೇಳಿರಲಿಲ್ಲ. ಪದರಗಳಿಂದಾಗಿ ಮಸಾಲೆ ಕೆಡುವುದಿಲ್ಲ, ಹಳ್ಳಿಯ ಅಂಗಡಿಗೂ ಐದು ರೂಪಾಯಿಗೆ ತಲುಪುತ್ತದೆ ಎಂದು ಹೇಳಬಹುದಿತ್ತು. ಅದು ಸುಳ್ಳೂ ಅಲ್ಲ. ಆದರೆ ಅವಳ ಪ್ರಶ್ನೆಗೆ ಅದು ಉತ್ತರವಲ್ಲ. "ಸದ್ಯಕ್ಕೆ ಯಾರೂ ಇಲ್ಲ" ಎಂದೆ.

ಮಕ್ಕಳನ್ನು ಹೆದರಿಸಿ ಕೂರಿಸುವುದೂ ತಪ್ಪು. ಅದಕ್ಕೇ ರಾತ್ರಿ ವರ್ಸೋವಾದ ಕಥೆ ಹೇಳಿದೆ. 2015ರ ಅಕ್ಟೋಬರಿನಲ್ಲಿ ವಕೀಲ ಅಫ್ರೋಜ್ ಶಾ ನೆರೆಮನೆಯ ಹಿರಿಯರೊಬ್ಬರ ಜೊತೆ ಆ ಬೀಚಿನ ಕಸ ಹೆಕ್ಕತೊಡಗಿದರು. ವಾರವಾರವೂ ಜನ ಸೇರುತ್ತಾ ಹೋದರು. 2018ರ ಮಾರ್ಚಿನಲ್ಲಿ ಅದೇ ಮರಳಿನಿಂದ ಆಲಿವ್ ರಿಡ್ಲಿ ಆಮೆಮರಿಗಳು ಎದ್ದು ಕಡಲಿಗೆ ಹೋದವು. "ಅದೇ ಜಾತಿಯ ಆಮೆ ನಮ್ಮ ಹೊನ್ನಾವರದ ಕಾಸರಕೋಡು ಟೊಂಕಕ್ಕೂ ಮೊಟ್ಟೆ ಇಡಲು ಬರ್ತದೆ" ಎಂದಾಗ ಅವಳ ಕಣ್ಣರಳಿತು. ಟಿವಿಯ ಆಮೆ ಅಜ್ಜಿಮನೆಯ ಆಮೆಯಾಯಿತು.

ಬಾಲ್ಕನಿಯಲ್ಲಿ ಒಂದು ಟಬ್ ಇಟ್ಟಿದ್ದೇವೆ. ಉಪ್ಪುನೀರು, ಅದರಲ್ಲಿ ಬಾಳೆಹಣ್ಣಿನ ಸಿಪ್ಪೆ, ಒಂದು ಮಸಾಲೆ ಪ್ಯಾಕೆಟ್. ವಾರಕ್ಕೊಮ್ಮೆ ನೋಡುವುದು ಅವಳ ಕೆಲಸ. ಆರನೇ ವಾರಕ್ಕೆ ಸಿಪ್ಪೆ ಕಪ್ಪಾಗಿ ಕರಗಿಹೋಯಿತು. ಪ್ಯಾಕೆಟ್ ಹಾಗೇ ಇದೆ, ಅಕ್ಷರವೂ ಓದಲು ಬರುತ್ತದೆ. ಬಿಸಿಲಿಗೆ, ಅಲೆಗೆ ಅದು ಮುಂದೆ ಒಡೆದರೂ ಇಲ್ಲವಾಗುವುದಿಲ್ಲ, ಮೀನಿನ ಹೊಟ್ಟೆ ಸೇರುವಷ್ಟು ಚಿಕ್ಕ ಚೂರಾಗುತ್ತದೆ ಅಷ್ಟೆ ಎಂದು ಹೇಳಿದ್ದೇನೆ.

ಕಾರ್ಖಾನೆಯಲ್ಲಿ ಈಗ ಎಲ್ಲ ಪದರವೂ ಪಾಲಿಥೀನ್ ಆಗಿರುವ ಪ್ಯಾಕೆಟಿನ ಪ್ರಯೋಗ ನಡೆದಿದೆ. ಅದು ಮತ್ತೆ ಕರಗುತ್ತದೆ, ಅಂದರೆ ಭಂಗಾರವಾಗುತ್ತದೆ. ಖರ್ಚು ಜಾಸ್ತಿ, ಗಿರಾಕಿಗಳು ಹಿಂದೆಮುಂದೆ ನೋಡುತ್ತಿದ್ದಾರೆ. ಮೊದಲು ಆ ಪ್ರಯೋಗಕ್ಕೆ ಬೇರೆಯವರು ಹೋಗಲಿ ಎಂದು ಸುಮ್ಮನಿದ್ದವನು, ಈ ಸಲ ನಾನೇ ಹೆಸರು ಕೊಟ್ಟೆ.

ಮಗಳು ಚಿತ್ರವನ್ನು ಮತ್ತೆ ಬಿಡಿಸಿದ್ದಾಳೆ. ಆಮೆ ಇದೆ, ಖಾಡಿ ಇದೆ, ನಾಲೆ ಇದೆ. ನಾಲೆಯ ಇನ್ನೊಂದು ತುದಿಯಲ್ಲಿ ಒಂದು ಕಾರ್ಖಾನೆ, ಅದರ ಬಾಗಿಲಲ್ಲಿ ಕನ್ನಡಕ ಹಾಕಿದ ಒಬ್ಬ ಮನುಷ್ಯ. ಯಾರೆಂದು ನಾನು ಕೇಳಲಿಲ್ಲ.