ಸಂತ ಫ್ರಾನ್ಸಿಸರ ಹಬ್ಬ ಮತ್ತು ಜಗಲಿಯ ಮುದಿ ನಾಯಿ

ಅಕ್ಟೋಬರ್ 4 ಅಸ್ಸಿಸಿಯ ಸಂತ ಫ್ರಾನ್ಸಿಸರ ಹಬ್ಬ. ಆ ದಿನ ಕೆಲವು ಧರ್ಮಕೇಂದ್ರಗಳಲ್ಲಿ ಬಲಿಪೂಜೆಯ ನಂತರ ಜನರು ತಮ್ಮ ಹಸು, ಕುರಿ, ನಾಯಿ, ಕೋಳಿಗಳನ್ನು ಚರ್ಚಿನ ಅಂಗಳಕ್ಕೆ ತರುತ್ತಾರೆ. ಗುರುಗಳು ಪವಿತ್ರ ಜಲ ಪ್ರೋಕ್ಷಿಸಿ ಆಶೀರ್ವದಿಸುತ್ತಾರೆ. ಮಕ್ಕಳಿಗೆ ಅದೊಂದು ಜಾತ್ರೆ. ಅಂಥ ಒಂದು ಹಬ್ಬದ ದಿನ ಎಲ್ಲರೂ ಚದುರಿದ ಮೇಲೆ ಒಬ್ಬ ತಾಯಿ ನಮ್ಮ ಬಳಿ ಬಂದು ಕೇಳಿದರು: "ಫಾದರ್, ನಮ್ಮನೆ ನಾಯಿಗೆ ಹದಿನಾಲ್ಕು ವರ್ಷ. ಅದನ್ನ ಇಲ್ಲಿಗೆ ತರಕ್ಕಾಗಲಿಲ್ಲ. ಹಿಂಗಾಲು ಬಿದ್ದೋಗಿದೆ, ರಾತ್ರಿಯೆಲ್ಲ ನರಳುತ್ತೆ. ಡಾಕ್ಟರು ಮನೆಗೇ ಬಂದು ಇಂಜೆಕ್ಷನ್ ಕೊಡ್ತೀನಿ ಅಂತಾರೆ. ಕೊಡಿಸಿದ್ರೆ ಪಾಪಾನಾ? ಪಾಪನಿವೇದನೆ ಮಾಡ್ಬೇಕಾ?"

ಪಾಪನಿವೇದನೆಯ ಪೀಠದಲ್ಲಲ್ಲ, ಅಂಗಳದ ಮರದ ಕೆಳಗೆ ಕೇಳಿದ ಮಾತಾದ್ದರಿಂದ ಇಲ್ಲಿ ಬರೆಯಲು ಅಡ್ಡಿಯಿಲ್ಲ. ಈ ಪ್ರಶ್ನೆಯನ್ನು ಕೇಳುವವರು ಈಗ ಹೆಚ್ಚುತ್ತಿದ್ದಾರೆ, ಕೇಳಲು ಸಂಕೋಚಪಡುವವರು ಅವರಿಗಿಂತ ಹೆಚ್ಚು. "ನಾಯಿಗಾಗಿ ಅಳುತ್ತಿದ್ದೇನೆ ಎಂದರೆ ಫಾದರ್ ನಗಬಹುದು" ಎಂಬ ಅಳುಕು. ನಗುವಂಥದ್ದೇನೂ ಇಲ್ಲ. ಬಡವನ ಮನೆಯಲ್ಲಿ ಮಗಳಂತೆ ಬೆಳೆದು ಅವನ ತುತ್ತಿನಲ್ಲಿ ಪಾಲು ಪಡೆದ ಕುರಿಮರಿಯ ಕಥೆಯನ್ನು ಪ್ರವಾದಿ ನಾತಾನನು ಹೇಳಿದಾಗ ದಾವೀದ ಅರಸನಿಗೇ ಕೋಪ ಉಕ್ಕಿಬಂತಲ್ಲವೇ (2 ಸಮುವೇಲ 12)? ತೋಬಿಯಾಸನು ದೇವದೂತನೊಂದಿಗೆ ಪ್ರಯಾಣ ಹೊರಟಾಗ ಮನೆಯ ನಾಯಿಯೂ ಹಿಂದೆಯೇ ಹೊರಟಿತು ಎಂಬುದನ್ನು ತೋಬಿತನ ಗ್ರಂಥ ಮರೆಯದೆ ದಾಖಲಿಸುತ್ತದೆ. ಆ ನಾಯಿ ಕಥೆಯಲ್ಲಿ ಏನೂ ಮಾಡುವುದಿಲ್ಲ. ಸುಮ್ಮನೆ ಜೊತೆಗಿರುತ್ತದೆ, ಅಷ್ಟೆ. ನಾಯಿ ಸಾಕಿದವರಿಗೆ ಅಷ್ಟು ಸಾಕು.

ಮೊದಲು ಒಂದು ಪದದ ಗೊಂದಲವನ್ನು ಬಿಡಿಸಿಕೊಳ್ಳೋಣ. ಪತ್ರಿಕೆಗಳು ಮನುಷ್ಯನ ವಿಷಯದಲ್ಲೂ ಪ್ರಾಣಿಯ ವಿಷಯದಲ್ಲೂ 'ದಯಾಮರಣ' ಎಂಬ ಒಂದೇ ಪದ ಬಳಸುತ್ತವೆ. ಹೀಗಾಗಿ ನಮ್ಮ ವಿಶ್ವಾಸಿಗಳಿಗೆ ಎರಡೂ ಒಂದೇ ಪಾಪವೆಂದು ತೋರುತ್ತದೆ. ಇಲ್ಲವೇ, ಇನ್ನೂ ಅಪಾಯಕಾರಿಯಾಗಿ, ನಾಯಿಗೆ ಸರಿಯಾದದ್ದು ಹಾಸಿಗೆ ಹಿಡಿದ ಅಜ್ಜಿಗೂ ಸರಿಯೆಂದು ತೋರುತ್ತದೆ. ಕಥೋಲಿಕ ಧರ್ಮೋಪದೇಶ ಗ್ರಂಥದ 2277ನೆಯ ಪರಿಚ್ಛೇದದ ಪ್ರಕಾರ ರೋಗಿಯ, ಅಂಗವಿಕಲನ, ಸಾಯುತ್ತಿರುವವನ ಜೀವವನ್ನು ನಾವಾಗಿ ತೆಗೆಯುವುದು ಎಂದೂ ಒಪ್ಪಿತವಲ್ಲ. ಫಲವಿಲ್ಲದ, ಹೊರಲಾರದಷ್ಟು ಭಾರವಾದ ಚಿಕಿತ್ಸೆಯನ್ನು ನಿಲ್ಲಿಸುವುದು ಬೇರೆ ಮಾತು. ಅದಕ್ಕೆ ಮುಂದಿನ ಪರಿಚ್ಛೇದವೇ ಅವಕಾಶ ಕೊಡುತ್ತದೆ. ಮನುಷ್ಯ ದೇವರ ಪ್ರತಿರೂಪ. ನೋವಿನ ನಡುವೆಯೂ ಅವನು ಪ್ರಾರ್ಥಿಸಬಲ್ಲ, ಮುನಿದವರೊಡನೆ ರಾಜಿಯಾಗಬಲ್ಲ, ತನ್ನ ನೋವನ್ನು ಶಿಲುಬೆಯ ಪ್ರಭುವಿಗೆ ಒಪ್ಪಿಸಬಲ್ಲ. ಮಾತನಾಡಲಾಗದೆ, ನೆನಪಿಲ್ಲದೆ ಮಲಗಿದವನಾದರೂ ಆ ಪ್ರತಿರೂಪ ಅಳಿಸಿಹೋಗುವುದಿಲ್ಲ.

ನಾಯಿಗೆ ಈ ಯಾವುದೂ ಇಲ್ಲ. ನಾಳೆ ವಾಸಿಯಾಗಬಹುದೆಂಬ ಆಸೆ ಅದಕ್ಕಿಲ್ಲ, ಈ ನೋವು ಏಕೆಂಬ ವಿಚಾರವೂ ಇಲ್ಲ. ಅದಕ್ಕಿರುವುದು ಈ ಗಳಿಗೆಯ ಸಂಕಟ ಮತ್ತು ಪಕ್ಕದಲ್ಲಿರುವ ಯಜಮಾನ. ಅದೇ ಧರ್ಮೋಪದೇಶ ಗ್ರಂಥದ 2415ರಿಂದ 2418ರವರೆಗಿನ ಪರಿಚ್ಛೇದಗಳು ಪ್ರಾಣಿಗಳ ಕುರಿತಾಗಿವೆ. ಅವು ದೇವರ ಸೃಷ್ಟಿ, ಅವುಗಳಿಗೆ ನಾವು ದಯೆಯ ಋಣಿಗಳು. ಅಗತ್ಯವಿಲ್ಲದೆ ಅವುಗಳನ್ನು ನರಳಿಸುವುದಾಗಲಿ ಕೊಲ್ಲುವುದಾಗಲಿ ಮನುಷ್ಯನ ಘನತೆಗೆ ತಕ್ಕುದಲ್ಲ ಎಂಬುದು ಅಲ್ಲಿನ ಬೋಧನೆ. 'ನರಳಿಸುವುದು' ಮತ್ತು 'ಕೊಲ್ಲುವುದು' ಎರಡೂ ಅಲ್ಲಿ ಅಕ್ಕಪಕ್ಕದಲ್ಲಿವೆ ಎಂಬುದನ್ನು ಗಮನಿಸಬೇಕು. ವಾಸಿಯಾಗದ ನೋವಿನಲ್ಲಿರುವ ಪ್ರಾಣಿಯನ್ನು ಸುಮ್ಮನೆ ನರಳಲು ಬಿಟ್ಟವನು ತಾನು ಕೊಲ್ಲಲಿಲ್ಲವೆಂದು ಹೇಳಿಕೊಳ್ಳಬಹುದೇ ಹೊರತು ನರಳಿಸಲಿಲ್ಲವೆಂದು ಹೇಳಲಾರ. ಹಾಗಾಗಿ ಆ ತಾಯಿಗೆ ನಾವು ಕೊಟ್ಟ ಉತ್ತರ: "ಪಾಪವಲ್ಲಮ್ಮ. ಆದರೆ ನೀವು ಅದರ ಪಕ್ಕದಲ್ಲೇ ಇರಿ."

ಈ ಎರಡನೆಯ ಮಾತೇ ಮುಖ್ಯವೆಂದು ನಮಗೆ ತೋರುತ್ತದೆ. ಆದಿಕಾಂಡದಲ್ಲಿ ದೇವರು ಪ್ರಾಣಿಗಳನ್ನು ಆದಾಮನ ಮುಂದೆ ತಂದು ನಿಲ್ಲಿಸಿದರು, ಅವನು ಹೆಸರಿಟ್ಟನು. ನಾವೂ ಹೆಸರಿಡುತ್ತೇವೆ (ನಮ್ಮ ಕಡೆ ಟಾಮಿಗಳಿಗೇನೂ ಬರವಿಲ್ಲ). ಹೆಸರಿಟ್ಟು ಕರೆದ ಪ್ರಾಣಿ ಮುದಿಯಾದಾಗ ನಮ್ಮ ಜನ ಮಾಡುವುದೇನು? ಚೀಲದಲ್ಲಿ ಹಾಕಿಕೊಂಡು ಹೋಗಿ ದೂರದ ಸಂತೆಯಲ್ಲೋ ತೋಟದ ಅಂಚಿನಲ್ಲೋ ಬಿಟ್ಟುಬರುವವರಿದ್ದಾರೆ. "ನಮ್ಮ ಕೈಯಾರೆ ಕೊಲ್ಲಲಿಲ್ಲ" ಎಂಬ ಸಮಾಧಾನ ಅವರದು. ಅನ್ನದಲ್ಲಿ ಕೀಟನಾಶಕ ಬೆರೆಸಿ ಇಡುವವರೂ ಇದ್ದಾರೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೆಯ ಪ್ರಕರಣದಲ್ಲಿ ಎರಡೂ ಅಪರಾಧಗಳೇ: ಹಸಿವು ಬಾಯಾರಿಕೆಗಳಿಂದ ನರಳುವಂತೆ ಸಕಾರಣವಿಲ್ಲದೆ ಪ್ರಾಣಿಯನ್ನು ಬಿಟ್ಟುಬರುವುದೂ, ಅನಗತ್ಯ ಕ್ರೂರ ರೀತಿಯಲ್ಲಿ ಕೊಲ್ಲುವುದೂ. ಕಾನೂನಿನ ಭಯಕ್ಕಿಂತ ಹೆಚ್ಚಾಗಿ, ಸಜ್ಜನನು ತನ್ನ ಪಶುವಿನ ಜೀವದ ಚಿಂತೆ ಮಾಡುತ್ತಾನೆಂದು ಹೇಳುವ ಜ್ಞಾನೋಕ್ತಿ (12:10) ನಮ್ಮನ್ನು ಕಾಡಬೇಕು. ಸಬ್ಬತ್ ದಿನವೇ ಆದರೂ ಬಾವಿಗೆ ಬಿದ್ದ ಎತ್ತನ್ನು ಎತ್ತದೆ ಬಿಡುವವರುಂಟೇ ಎಂದು ಪ್ರಭು ಕೇಳಿದ್ದನ್ನೂ (ಲೂಕ 14:5) ನೆನೆಯಬಹುದು.

ಹಾಗೆಂದು ಇಂಜೆಕ್ಷನ್ ಸುಲಭದ ದಾರಿಯಾಗಬಾರದು. ಮನೆ ಬದಲಾಯಿಸುತ್ತಿದ್ದೇವೆ, ಕೂದಲು ಉದುರುತ್ತದೆ, ಬೊಗಳಿದರೆ ಅಕ್ಕಪಕ್ಕದವರ ತಕರಾರು ಎಂಬ ಕಾರಣಗಳಿಗೆ ಪಶುವೈದ್ಯರನ್ನು ಕರೆಸುವವರೂ ಇದ್ದಾರೆ. ಆರೋಗ್ಯವಂತ ಪ್ರಾಣಿಯನ್ನು ಹಾಗೆ ಮುಗಿಸಲು ಒಪ್ಪದ ವೈದ್ಯರಿಗೆ ನಮ್ಮ ನಮಸ್ಕಾರ. ಇನ್ನೊಂದು ತುದಿಯೂ ಉಂಟು. ಮನುಷ್ಯರ ಕಷ್ಟಕ್ಕೆ ಮೊದಲು ಸಲ್ಲಬೇಕಾದ ಹಣವನ್ನು ಪ್ರಾಣಿಗಳ ಮೇಲೆ ಸುರಿಯುವುದೂ ಯೋಗ್ಯವಲ್ಲವೆಂದು ಅದೇ 2418ನೆಯ ಪರಿಚ್ಛೇದ ಎಚ್ಚರಿಸುತ್ತದೆ. ಮಗಳ ಕಾಲೇಜು ಫೀಸಿನ ಹಣದಲ್ಲಿ ಮುದಿ ನಾಯಿಗೆ ಆಪರೇಷನ್ ಮೇಲೆ ಆಪರೇಷನ್ ಮಾಡಿಸಬೇಕೆಂದು ಯಾವ ಸಂತರೂ ಹೇಳಿಲ್ಲ.

ಕಾಲ ಬಂದಿತೆಂದು ತಿಳಿಯುವುದು ಹೇಗೆ? ಇದನ್ನು ವೈದ್ಯರು ನೋಡಿ ಹೇಳಬೇಕು. ಮೂತ್ರಪಿಂಡ ಕೆಟ್ಟಿದೆಯೇ, ಗೆಡ್ಡೆ ಹರಡಿದೆಯೇ, ನೋವಿನ ಮಾತ್ರೆಯಿಂದ ಇನ್ನೂ ಕೆಲವು ತಿಂಗಳು ನೆಮ್ಮದಿಯಾಗಿ ಇರಬಲ್ಲದೇ ಎಂಬುದು ನಮಗೆ ತಿಳಿಯದು. ಮನೆಯವರು ಮಾಡಬಹುದಾದ ಒಂದು ಕೆಲಸವಿದೆ. ಗೋಡೆಯ ಕ್ಯಾಲೆಂಡರಿನಲ್ಲಿ ದಿನದಿನ ಗುರುತು ಹಾಕುವುದು. ತಿಂದಿತೇ, ತಾನಾಗಿ ಎದ್ದಿತೇ, ಮಲಗಿದಲ್ಲೇ ಒದ್ದೆ ಮಾಡಿಕೊಂಡಿತೇ, ಹೆಸರು ಕರೆದರೆ ಬಾಲ ಅಲುಗಿತೇ? ಕೆಟ್ಟ ದಿನಗಳು ಒಳ್ಳೆಯ ದಿನಗಳನ್ನು ಮೀರಿದಾಗ ಕ್ಯಾಲೆಂಡರೇ ಹೇಳುತ್ತದೆ. ಒಂದು ಎಚ್ಚರಿಕೆ: ಹುಚ್ಚುನಾಯಿ ರೋಗದ ಸಂಶಯವಿದ್ದರೆ ಮನೆಯ ವಿದಾಯದ ಮಾತೇ ಬೇಡ. ಯಾರೂ ಮುಟ್ಟದೆ ತಕ್ಷಣ ಪಶುವೈದ್ಯರಿಗೆ ತಿಳಿಸಬೇಕು. ಕಚ್ಚಿಸಿಕೊಂಡವರು, ಜೊಲ್ಲು ತಾಕಿಸಿಕೊಂಡವರು ಸೋಪಿನಿಂದ ಹದಿನೈದು ನಿಮಿಷ ತೊಳೆದು ಆಸ್ಪತ್ರೆಗೆ ಹೋಗಬೇಕು. ಹಸು, ಎಮ್ಮೆಗಳ ವಿಷಯದಲ್ಲಿ ಕಾನೂನು ಬೇರೆ, ಸರ್ಕಾರಿ ಪಶುವೈದ್ಯರನ್ನೇ ಕೇಳಬೇಕು.

ಏನು ನಡೆಯುತ್ತದೆಂದು ಮೊದಲೇ ಗೊತ್ತಿದ್ದರೆ ಹೆದರಿಕೆ ಅರ್ಧ ಕಡಿಮೆಯಾಗುತ್ತದೆ. ನಾಯಿ ದಿನವೂ ಮಲಗುವ ಜಾಗವೇ ಆದೀತು, ಜಗಲಿಯೋ ಹಿತ್ತಲ ಬಾಗಿಲೋ. ಕೆಳಗೆ ಹಳೆಯ ಟವೆಲ್ ಹಾಸಬೇಕು, ಕೊನೆಗೆ ಮೂತ್ರ ಹೋಗುವುದುಂಟು. ವೈದ್ಯರು ಒಪ್ಪಿಗೆಯ ಕಾಗದಕ್ಕೆ ಸಹಿ ಪಡೆಯುತ್ತಾರೆ. ಸಾಮಾನ್ಯವಾಗಿ ಮೊದಲ ಇಂಜೆಕ್ಷನ್ ಮಂಪರು ಬರಿಸಲು. ಕೆಲವು ನಿಮಿಷಗಳಲ್ಲಿ ನಾಯಿ ತೂಕಡಿಸಿ ಮಲಗುತ್ತದೆ. ಈ ಮದ್ದಿನಿಂದ ಕೆಲವು ನಾಯಿಗಳಿಗೆ ವಾಂತಿಯಾಗುತ್ತದೆ, ಆದ್ದರಿಂದ ಕೊನೆಯ ಪ್ರೀತಿಯೆಂದು ಕೋಳಿ ಸಾರು ಬಡಿಸುವ ಮೊದಲು ವೈದ್ಯರನ್ನು ಕೇಳಿ. ಆಮೇಲೆ ಮುಂಗಾಲಿನ ಕೂದಲು ಸವರಿ ರಕ್ತನಾಳಕ್ಕೆ ಎರಡನೆಯದು. ಅದು ಥಯೋಪೆಂಟೋನ್ ಅಥವಾ ಪೆಂಟೊಬಾರ್ಬಿಟಾಲ್‌ನಂಥ ಅರಿವಳಿಕೆಯೇ, ಪ್ರಮಾಣ ಮಾತ್ರ ಬಹಳ ಹೆಚ್ಚು. ಮೊದಲು ಎಚ್ಚರ ತಪ್ಪುತ್ತದೆ, ಬಳಿಕ ಉಸಿರು, ಬಳಿಕ ಹೃದಯ ನಿಲ್ಲುತ್ತದೆ. ಕಣ್ಣು ಮುಚ್ಚುವುದಿಲ್ಲ. ಒಮ್ಮೊಮ್ಮೆ ಕಾಲು ಅದುರಬಹುದು, ಎದೆ ಒಮ್ಮೆ ಉಬ್ಬಬಹುದು. ಅದು ನೋವಲ್ಲ, ಆಗ ನಾಯಿಗೆ ಅರಿವೇ ಇರುವುದಿಲ್ಲ. ವೈದ್ಯರು ಸ್ಟೆತಸ್ಕೋಪಿನಿಂದ ಕೇಳಿ ಮುಗಿಯಿತೆಂದು ಹೇಳುವವರೆಗೆ ಕೈಯನ್ನು ಅದರ ತಲೆಯ ಮೇಲಿಂದ ತೆಗೆಯಬೇಡಿ. ಕೆಲವು ಗಂಡಸರು ಈ ಹೊತ್ತಿನಲ್ಲಿ ಗೇಟಿನ ಆಚೆ ಹೋಗಿ ಫೋನ್ ನೋಡುತ್ತ ನಿಲ್ಲುತ್ತಾರೆಂದು ಕೇಳಿದ್ದೇವೆ. ಅಷ್ಟು ವರ್ಷ ಗೇಟಿನ ಬಳಿ ಅವರಿಗಾಗಿ ಕಾದದ್ದು ಆ ನಾಯಿಯೇ.

ಬೀದಿನಾಯಿಗಳ ಸಂತಾನ ನಿಯಂತ್ರಣಕ್ಕೆಂದು 2001ರಲ್ಲಿ ಬಂದ ಕೇಂದ್ರದ ನಿಯಮಗಳು ಕೂಡ, ಒಂದು ನಾಯಿಯ ಎದುರಿಗೆ ಇನ್ನೊಂದಕ್ಕೆ ದಯಾಮರಣ ಕೊಡಬಾರದೆಂದು ಹೇಳಿದ್ದವು. ಮನೆಯಲ್ಲಿ ಬೇರೆ ನಾಯಿಯಿದ್ದರೆ ಆ ಹೊತ್ತಿಗೆ ಒಳಗೆ ಕಟ್ಟಿ. ಎಲ್ಲ ಮುಗಿದ ಮೇಲೆ ಬಿಟ್ಟರೆ ಬಂದು ಮೂಸಿ ನೋಡಿ ಹೋಗುತ್ತದೆ.

ಮಕ್ಕಳಿಗೆ ಸುಳ್ಳು ಬೇಡ. "ಊರಿಗೆ ಕಳಿಸಿದೆವು" ಎಂದರೆ ಅವರು ದಾರಿ ಕಾಯುತ್ತಾರೆ. "ಡಾಕ್ಟರು ಮಲಗಿಸಿದರು" ಎಂದರೆ ರಾತ್ರಿ ಮಲಗಲು ಹೆದರುತ್ತಾರೆ. "ಅದಕ್ಕೆ ವಾಸಿಯಾಗುತ್ತಿರಲಿಲ್ಲ, ನೋವಾಗದಂತೆ ಸಾಯಲು ಡಾಕ್ಟರು ಸಹಾಯ ಮಾಡಿದರು" ಎಂದರೆ ಅವರಿಗೆ ಅರ್ಥವಾಗುತ್ತದೆ. ಮುಂದಿನ ಪ್ರಶ್ನೆ ಖಂಡಿತ ಬರುತ್ತದೆ: ಅದು ಸ್ವರ್ಗಕ್ಕೆ ಹೋಯಿತಾ? ನಾಯಿ ಕಳೆದುಕೊಂಡ ಹುಡುಗನೊಬ್ಬನಿಗೆ ಪೋಪ್ ಫ್ರಾನ್ಸಿಸರು ಸ್ವರ್ಗದ ಭರವಸೆ ಕೊಟ್ಟರೆಂಬ ಕಥೆ 2014ರಲ್ಲಿ ಲೋಕವೆಲ್ಲ ಸುತ್ತಿತು. ಅದು ಅವರ ಮಾತಾಗಿರಲಿಲ್ಲ, ಪತ್ರಿಕೆಗಳೇ ತಿದ್ದುಪಡಿ ಹಾಕಿದವು. ಆದರೆ 2015ರ 'ಲೌದಾತೊ ಸಿ' ವಿಶ್ವಪತ್ರದ 243ನೆಯ ಭಾಗದಲ್ಲಿ, ನಿತ್ಯಜೀವದಲ್ಲಿ ಪ್ರತಿಯೊಂದು ಸೃಷ್ಟಿಯೂ ರೂಪಾಂತರಗೊಂಡು ತನ್ನ ಸ್ಥಾನ ಪಡೆಯುವುದೆಂಬ ಭರವಸೆಯನ್ನು ಅವರೇ ಬರೆದಿದ್ದಾರೆ. "ದೇವರು ತಾನು ಮಾಡಿದ್ದನ್ನು ಮರೆಯುವುದಿಲ್ಲ" ಎಂದು ಮಗುವಿಗೆ ಧೈರ್ಯವಾಗಿ ಹೇಳಬಹುದು. ಅದಕ್ಕಿಂತ ಹೆಚ್ಚು ಹೇಳಲು ನಮಗೆ ಅಪ್ಪಣೆಯಿಲ್ಲ. ನಾಯಿಯ ಆತ್ಮಶಾಂತಿಗೆ ಪೂಜೆ ಹೇಳಿಸಬಹುದೇ ಎಂದು ಕೇಳುವವರಿದ್ದಾರೆ. ಮೃತರ ಪೂಜೆ ಮನುಷ್ಯರಿಗೆ. ಅದು ಬದುಕಿದ್ದ ವರ್ಷಗಳಿಗಾಗಿ ದೇವರಿಗೆ ಕೃತಜ್ಞತೆಯ ಪ್ರಾರ್ಥನೆಯನ್ನು ಮನೆಯವರೆಲ್ಲ ಸೇರಿ ಮಾಡಬಹುದು.

ಹೂಳುವ ಗುಂಡಿ ಆಳವಾಗಿರಲಿ, ಮೂರು ನಾಲ್ಕು ಅಡಿಗೆ ಕಡಿಮೆ ಬೇಡ, ಬಾವಿಯಿಂದ ದೂರವಿರಲಿ. ಆ ಮದ್ದು ದೇಹದಲ್ಲಿ ಉಳಿದಿರುತ್ತದೆ, ಕೆದಕಿ ತಿಂದ ನರಿ, ಹದ್ದು, ಬೇರೆ ನಾಯಿಗಳೂ ಸಾಯಬಹುದು. ಪ್ಲಾಸ್ಟಿಕ್ ಚೀಲ ಬೇಡ, ಹಳೆಯ ಬೆಡ್‌ಶೀಟ್ ಸಾಕು. ಮೇಲೆ ಕಲ್ಲು ಹೇರಿ, ಬೇಕಿದ್ದರೆ ಒಂದು ದಾಸವಾಳದ ಕಡ್ಡಿ ನೆಡಿ. ಕೊರಳ ಪಟ್ಟಿಯನ್ನು ಮಕ್ಕಳು ಇಟ್ಟುಕೊಳ್ಳುತ್ತೇವೆಂದರೆ ಇಟ್ಟುಕೊಳ್ಳಲಿ, ಅನ್ನದ ತಟ್ಟೆಯನ್ನು ತೊಳೆದು ಎತ್ತಿಡಿ.