ತಾರೀಖಿಗೊಂದು ಅಧ್ಯಾಯ

ಪಾರಾಯಣವೆಂಬುದು ನಮ್ಮವರಿಗೆ ಹೊಸ ಮಾತಲ್ಲ. ಮಳೆಗಾಲದ ರಾತ್ರಿಗಳಲ್ಲಿ ಕುಮಾರವ್ಯಾಸ ಭಾರತವನ್ನು ಓದಿಸಿ ಕೇಳಿದ ಮನೆತನಗಳಿಂದ ಬಂದವರು ನಮ್ಮಲ್ಲಿ ಅನೇಕರಿದ್ದಾರೆ. ನಮ್ಮ ಕ್ರೈಸ್ತ ಬಾಂಧವರಲ್ಲಿಯೂ ಇಂಥದೇ ಒಂದು ನಿಯಮವುಂಟು. ಅದೇನೆಂದರೆ, ಪ್ರತಿದಿನವೂ ಬೈಬಲಿನ ಒಂದು ಭಾಗವನ್ನು ಓದಿ ಅನಂತರ ಕೆಲಸಕ್ಕೆ ಹೊರಡುವುದು. ಸ್ಕಾಟ್ಲೆಂಡಿನ ರಾಬರ್ಟ್ ಮರೆ ಮೆಕ್‌ಚೇನ್ ಎಂಬ ತರುಣ ಪಾದ್ರಿಗಳು 1842ರಲ್ಲಿ ತಮ್ಮ ಸಭೆಯವರಿಗಾಗಿ ಒಂದು ಪಟ್ಟಿಯನ್ನು ರಚಿಸಿದರು. ಅದರಂತೆ ದಿನಕ್ಕೆ ಸುಮಾರು ನಾಲ್ಕು ಅಧ್ಯಾಯಗಳನ್ನು ಓದಿದರೆ ಒಂದು ವರ್ಷದಲ್ಲಿ ಹಳೆಯ ಒಡಂಬಡಿಕೆಯು ಒಂದು ಸಲವೂ, ಹೊಸ ಒಡಂಬಡಿಕೆ ಮತ್ತು ಕೀರ್ತನೆಗಳು ಎರಡು ಸಲವೂ ಮುಗಿಯುತ್ತವೆ.

ಬೆಳಗಿನ ನಾಲ್ಕು ಗಂಟೆಗೆ ಒಲೆ ಹೊತ್ತಿಸುವ ಭಟ್ಟರಿಗಾಗಲಿ, ಎಂಟರ ಲೋಕಲ್ ಗಾಡಿಗೆ ಓಡುವ ಗುಮಾಸ್ತರಿಗಾಗಲಿ ಅಷ್ಟು ಬಿಡುವು ಎಲ್ಲಿಯದು? ಅಂಥವರಿಗೆ ಸುಲಭವಾದ ಇನ್ನೊಂದು ಕ್ರಮವಿದೆ. ಬೈಬಲಿನ 'ಜ್ಞಾನೋಕ್ತಿಗಳು' ಎಂಬ ಪುಸ್ತಕದಲ್ಲಿ 31 ಅಧ್ಯಾಯಗಳಿವೆ. ಒಂದನೆಯ ತಾರೀಖಿಗೆ ಒಂದನೆಯ ಅಧ್ಯಾಯ, ಎರಡಕ್ಕೆ ಎರಡನೆಯದು; ಹೀಗೆ ತಾರೀಖಿಗೊಂದು ಅಧ್ಯಾಯ. ಐದಾರು ನಿಮಿಷಗಳು ಸಾಕು. ಹೋಟೆಲು ನಡೆಸುತ್ತಿದ್ದ ಕಾಲದಲ್ಲಿ ನಾವು ಈ ಕ್ರಮವನ್ನು ಹಿಡಿದೆವು. ಪತ್ರಿಕೆಯ ಮೇಜಿಗೆ ಬಂದ ಮೇಲೂ ಬಿಟ್ಟಿಲ್ಲ. ಮತಬೋಧೆಯು ಈ ಲೇಖನದ ಉದ್ದೇಶವಲ್ಲ. ದುಡಿದು ತಿನ್ನುವವನಿಗೆ ಈ ಓದು ಏನನ್ನು ಕೊಟ್ಟೀತೆಂಬುದಷ್ಟೇ ನಮ್ಮ ವಿಚಾರ.

ಈ ಪುಸ್ತಕವನ್ನು ಸಂಪ್ರದಾಯವು ಸೊಲೊಮೋನ ರಾಜನ ಹೆಸರಿಗೆ ಹಚ್ಚಿದೆ. ಆದರೆ ಅದು ಹಲವರ ಕೈಗಳಿಂದ ಕೂಡಿಬಂದ ಸಂಗ್ರಹವೆಂಬುದು ಅದರೊಳಗೇ ಕಂಡುಬರುತ್ತದೆ. ಸುಮಾರು 2,700 ವರ್ಷಗಳ ಹಿಂದೆ ಯೆಹೂದ ದೇಶವನ್ನಾಳಿದ ಹಿಜ್ಕೀಯ ರಾಜನ ಜನರು ಒಂದು ಭಾಗವನ್ನು ಪ್ರತಿಮಾಡಿದರೆಂದು 25ನೆಯ ಅಧ್ಯಾಯವು ತಿಳಿಸುತ್ತದೆ. ಇನ್ನೊಂದು ಭಾಗಕ್ಕೂ ಈಜಿಪ್ಟಿನ ಅಮೆನೆಮೋಪನೆಂಬವನ ಉಪದೇಶ ಗ್ರಂಥಕ್ಕೂ ಇರುವ ನಿಕಟ ಸಾಮ್ಯವನ್ನು ಅಡಾಲ್ಫ್ ಎರ್ಮನ್ ಎಂಬ ಜರ್ಮನ್ ವಿದ್ವಾಂಸರು 1924ರಲ್ಲಿ ತೋರಿಸಿಕೊಟ್ಟರು. ಊರು ಬಿಟ್ಟು ಊರಿಗೆ ಹೋಗಿ ಬಾಳಿದವರು ನಾವು ಮಾತ್ರವೆ? ಗಾದೆಗಳೂ ಹಾಗೆಯೇ ಬಾಳಿವೆ. ಕನ್ನಡಕ್ಕೆ ಬೈಬಲನ್ನು ತರುವ ಕೆಲಸದಲ್ಲಿ ದುಡಿದವರಲ್ಲಿ 1810ರಲ್ಲಿ ಬಳ್ಳಾರಿಗೆ ಬಂದು ನೆಲಸಿದ ಜಾನ್ ಹ್ಯಾಂಡ್ಸ್ ಎಂಬ ಮಿಷನರಿಗಳೂ ಒಬ್ಬರು.

ಈಗ ತಾರೀಖುಗಳ ಕಡೆಗೆ ಬರೋಣ. ತಿಂಗಳ ಮೂರನೆಯ ದಿನ, ಎಂದರೆ ಸಂಬಳದ ದಿನಗಳಲ್ಲಿ, ಒಂದು ಮಾತು ಬರುತ್ತದೆ. ಕೊಡಬೇಕಾದುದು ಕೈಯಲ್ಲಿರುವಾಗ ನೆರೆಯವನಿಗೆ 'ಹೋಗಿ ನಾಳೆ ಬಾ' ಎನ್ನಬಾರದೆಂಬುದು ಅದರ ಭಾವ. ಹೋಟೆಲಿನ ವ್ಯವಹಾರವನ್ನು ಬಲ್ಲವರಿಗೆ ಇದರ ತೂಕ ಗೊತ್ತು. ಹುಡುಗನ ಸಂಬಳವು ಧಣಿಯ ಹತ್ತಿರವೇ ಜಮೆಯಾಗಿರುತ್ತದೆ. ಊರಿಗೆ ಕಳುಹಿಸಬೇಕೆಂದು ಕೇಳಿದಾಗ ಗಲ್ಲಾ ತುಂಬಿದ್ದರೂ 'ನಾಳೆ ನೋಡೋಣ' ಎಂಬ ಉತ್ತರ ಬರುವುದುಂಟು. ಧಣಿಗೆ ಅದು ಒಂದು ದಿನ. ಊರಿನಲ್ಲಿ ಕಾದಿರುವ ತಾಯಿಗೆ ಅದು ಔಷಧಿಯಿಲ್ಲದ ಒಂದು ರಾತ್ರಿ. ಸಂಬಳವು ಬ್ಯಾಂಕಿನ ಖಾತೆಗೆ ಹೋಗುವ ಈ ಕಾಲದಲ್ಲಿಯೂ 'ನಾಳೆ' ಎಂಬ ಮಾತು ಸತ್ತಿಲ್ಲ.

ಆರನೆಯ ದಿನದ ಪಾಠವು ಇನ್ನೊಬ್ಬರ ಸಾಲಕ್ಕೆ ಜಾಮೀನು ನಿಂತವನನ್ನು ಕುರಿತದ್ದು. ಸಿಕ್ಕಿಬಿದ್ದಿದ್ದರೆ ಮಾನಾಭಿಮಾನ ನೋಡದೆ, ಕಣ್ಣಿಗೆ ನಿದ್ದೆ ಕೊಡದೆ, ಹೋಗಿ ಬಿಡಿಸಿಕೊಳ್ಳೆಂದು ಅದು ಅವಸರಪಡಿಸುತ್ತದೆ. ಸೊಸೈಟಿಯ ಸಾಲಕ್ಕೆ ಗೆಳೆಯನ ಪರವಾಗಿ ರುಜು ಹಾಕುವ ಗುಮಾಸ್ತರು ಇದನ್ನು ರುಜುವಿಗೆ ಮೊದಲೇ ಓದುವುದು ಮೇಲು. ಅದೇ ಅಧ್ಯಾಯದಲ್ಲಿ ಸೋಮಾರಿಗೆ ಇರುವೆಯ ಪಾಠವಿದೆ. ಮೇಲೆ ನಿಂತು ನೋಡುವ ಮೇಸ್ತ್ರಿಯಿಲ್ಲದಿದ್ದರೂ ಅದು ಸುಗ್ಗಿಯಲ್ಲಿ ಕೂಡಿಡುತ್ತದೆ. ಹನ್ನೊಂದರಂದು ಮೋಸದ ತಕ್ಕಡಿಯ ಖಂಡನೆ. ಇಪ್ಪತ್ತರಂದು, ಕೊಳ್ಳುವಾಗ ಸರಕನ್ನು ಹೀಗಳೆದು, ಆಚೆ ಹೋಗಿ ಅಗ್ಗಕ್ಕೆ ದೊರೆಯಿತೆಂದು ಕೊಚ್ಚಿಕೊಳ್ಳುವ ಗಿರಾಕಿಯ ಚಿತ್ರ. ತರಕಾರಿ ಮಾರ್ಕೆಟ್ಟಿಗೆ ಹೋದವರಾರೂ ಇದಕ್ಕೆ ನಗದಿರಲಾರರು.

ಇಪ್ಪತ್ತೈದರ ಅಧ್ಯಾಯವು ದೂರ ದೇಶದಿಂದ ಬಂದ ಒಳ್ಳೆಯ ಸುದ್ದಿಯನ್ನು ಬಾಯಾರಿದವನಿಗೆ ಸಿಕ್ಕಿದ ತಣ್ಣೀರಿಗೆ ಹೋಲಿಸುತ್ತದೆ. ಇಪ್ಪತ್ತೇಳರದು ಮನೆ ಬಿಟ್ಟು ಅಲೆಯುವವನನ್ನು ಗೂಡು ಬಿಟ್ಟ ಹಕ್ಕಿಗೆ ಹೋಲಿಸುತ್ತದೆ. ಪರಊರಿನ ಕೋಣೆಯಲ್ಲಿ ನಾಲ್ಕು ಜನರೊಡನೆ ಚಾಪೆ ಹಂಚಿಕೊಂಡು ಮಲಗುವವನಿಗೆ ಈ ಎರಡು ಮಾತುಗಳ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಇಷ್ಟು ಮಾತ್ರವಾಗಿದ್ದರೆ ಒಳ್ಳೊಳ್ಳೆಯ ಮಾತುಗಳನ್ನು ಆರಿಸಿ ಗೋಡೆಗೆ ತೂಗುಹಾಕಿದರೂ ಸಾಕಾಗುತ್ತಿತ್ತು. ಆದರೆ ಆರಿಸುವವರು ಯಾರು? ಧಣಿಯು ಆರಿಸಿದರೆ ಇರುವೆಯ ಮಾತು ಅಡಿಗೆಮನೆಯ ಗೋಡೆಯನ್ನೇರುತ್ತದೆ. 'ನಾಳೆ ಬಾ' ಎನ್ನಬಾರದೆಂಬ ಮಾತು ಪುಸ್ತಕದಲ್ಲಿಯೇ ಉಳಿಯುತ್ತದೆ. ಕೆಲಸಗಾರನು ಆರಿಸಿದರೆ ಅದಕ್ಕೆ ತಿರುಗುಮುರುಗು. ತಾರೀಖಿನಂತೆ ಓದುವವನಿಗೆ ಆ ಸ್ವಾತಂತ್ರ್ಯವಿಲ್ಲ. ಮೂರನೆಯ ದಿನದ ಮಾತೂ ಆರನೆಯ ದಿನದ ಮಾತೂ ಅವನ ಪಾಲಿಗೆ ಬರಲೇಬೇಕು. ತನಗೆ ಬೇಡವಾದ ಮಾತು ತಾನು ಕರೆಯದೆಯೇ ಬಂದು ಎದುರಿಗೆ ಕುಳಿತುಕೊಳ್ಳುವುದೇ ನಿತ್ಯಪಾಠದ ದೊಡ್ಡ ಲಾಭವೆಂದು ನಮ್ಮ ಅನುಭವ. ಅದೂ ಬೆಳಿಗ್ಗೆ ಬರುತ್ತದೆ; ಅಂದಿನ ದಿನವಿನ್ನೂ ಕೈಯಲ್ಲಿರುವಾಗ.

ಓದುತ್ತ ಹೋದಂತೆ ಒಂದು ಸೋಜಿಗವೂ ಕಾಣುತ್ತದೆ. 26ನೆಯ ಅಧ್ಯಾಯದಲ್ಲಿ ಮೂಢನ ಮಾತಿಗೆ ಅವನಂತೆಯೇ ಉತ್ತರ ಕೊಡಬೇಡವೆಂದು ಒಂದು ವಚನವಿದೆ. ಕೊಡೆಂದು ಮರುವಚನವೇ ಹೇಳುತ್ತದೆ. ಒಂದು ಸಲ ಓದಿದವನು ಇದನ್ನು ವಿರೋಧವೆಂದು ಎಣಿಸಿಯಾನು. ತಿಂಗಳು ತಿಂಗಳೂ ಓದಿದವನಿಗೆ ಗಲ್ಲಾದ ಮುಂದೆ ನಿಂತು ಜಗಳ ತೆಗೆಯುವ ಗಿರಾಕಿಯು ನೆನಪಾಗುತ್ತಾನೆ. ಒಬ್ಬನಿಗೆ ಮೌನವೇ ಮದ್ದು. ಇನ್ನೊಬ್ಬನಿಗೆ ಒಂದು ಮಾತು ಹೇಳದಿದ್ದರೆ ಸಪ್ಲೈಯರ್ ಹುಡುಗನ ಮಾನ ಉಳಿಯುವುದಿಲ್ಲ. ಯಾರಿಗೆ ಯಾವುದೆಂಬುದನ್ನು ಪುಸ್ತಕವು ನಮ್ಮ ವಿವೇಕಕ್ಕೆ ಬಿಟ್ಟಿದೆ. ವಚನವು ಬದಲಾಗುವುದಿಲ್ಲ, ಓದುವವನು ಪ್ರತಿ ತಿಂಗಳೂ ಬೇರೆ ಬೇರೆ ಅನುಭವದೊಡನೆ ಬಂದು ಕುಳಿತುಕೊಳ್ಳುತ್ತಾನೆ.

ತಿಂಗಳ ಕೊನೆಯಲ್ಲಿ, ಕಿಸೆ ಬರಿದಾಗುವ ಮೂವತ್ತನೆಯ ದಿನ, ಆಗೂರನೆಂಬವನ ಪ್ರಾರ್ಥನೆ ಬರುತ್ತದೆ. ಬಡತನವೂ ಬೇಡ, ಸಿರಿತನವೂ ಬೇಡ, ದಿನದ ಅನ್ನ ಸಾಕೆಂದು ಅವನು ಬೇಡುತ್ತಾನೆ. ಹೊಟ್ಟೆ ತುಂಬಿದರೆ ದೇವರನ್ನು ಮರೆತೇನು, ಹಸಿದರೆ ಕದ್ದೇನು ಎಂಬುದು ಅವನ ಭಯ. ಧಣಿಗೂ ಆಳಿಗೂ ಒಪ್ಪುವ ಪ್ರಾರ್ಥನೆಯಿದು.

ಮೂವತ್ತೊಂದನೆಯ ಅಧ್ಯಾಯವಾದರೋ ವರ್ಷಕ್ಕೆ ಏಳು ಸಲ ಮಾತ್ರ ಪಾಲಿಗೆ ಬರುತ್ತದೆ. ಲೆಮೂವೇಲನೆಂಬ ಅರಸನಿಗೆ ಅವನ ತಾಯಿಯು ಕೊಟ್ಟ ಬುದ್ಧಿವಾದ ಅದರಲ್ಲಿದೆ. ತನ್ನ ಪರವಾಗಿ ತಾನು ಮಾತನಾಡಲಾರದವನ ಪರವಾಗಿ ನೀನು ಬಾಯಿ ತೆರೆ ಎಂದು ಆಕೆ ಹೇಳುತ್ತಾಳೆ. ನಮ್ಮ ವಾಚಕರಲ್ಲಿ ಅರಸರಿಲ್ಲ. ಆದರೂ ಮೊನ್ನೆ ಮೊನ್ನೆ ಊರಿನಿಂದ ಬಂದು, ಇಲ್ಲಿಯ ಭಾಷೆ ಬಾರದೆ ಮೂಲೆಯಲ್ಲಿ ಲೋಟ ತೊಳೆಯುವ ಒಬ್ಬ ಹುಡುಗನು ಪ್ರತಿಯೊಂದು ಹೋಟೆಲಿನಲ್ಲಿಯೂ ಇರುತ್ತಾನೆ. ಅವನ ಪರವಾಗಿ ಒಂದು ಮಾತನಾಡಲು ನಮಗೆ ರಾಜ್ಯವೇನೂ ಬೇಕಾಗಿಲ್ಲ.